ಕ್ರಾಸ್‌ಬೋ ಲಿಂಬಿಗೆ ಬಣ್ಣ: ಸ್ಪ್ರೇ ಕ್ಯಾನೋ, ಕಾರಿನ ಪೇಂಟೋ, ಸ್ಟಿಕರೋ?

ದೀಪಾವಳಿ ಕಳೆದ ಮೇಲೆ ಅಟ್ಟದಿಂದ ಕ್ರಾಸ್‌ಬೋ ಕೆಳಗಿಳಿಸಿದೆ. ಚೀಲದ ಜಿಪ್ ಎಳೆದರೆ ಮುಗ್ಗಲು ವಾಸನೆ. ಹಿಡಿಯ ಮೇಲೆಲ್ಲ ಬೂಷ್ಟು. ಬಟ್ಟೆಯಲ್ಲಿ ಒರೆಸುತ್ತಾ ಹೋದರೆ ಎರಡೂ ಲಿಂಬಿನ, ಅಂದರೆ ಬಿಲ್ಲಿನ ತೋಳುಗಳ, ಅಂಚಿನಲ್ಲಿ ಕಂಪನಿಯ ಬಣ್ಣ ಈರುಳ್ಳಿ ಸಿಪ್ಪೆಯ ಹಾಗೆ ಏಳುತ್ತಿತ್ತು. ನಮ್ಮ ತೀರ್ಥಹಳ್ಳಿ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೂ ಬೆವರುತ್ತದೆ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ. ಒಣ ಹವೆಯ ಊರಿನಲ್ಲಿ ಬಾಳುವ ಬಣ್ಣ ಇಲ್ಲಿ ಸೋಲುವುದು ಸಹಜ.

ಆಮೇಲೆ ಎರಡು ವರ್ಷದಲ್ಲಿ ನಾನು ಒಂದೊಂದೇ ದಾರಿ ಹಿಡಿದು ನೋಡಿದೆ. ಮೊದಲು ಸ್ಪ್ರೇ ಕ್ಯಾನ್. ಆಮೇಲೆ ರೇಡಿಯಂ ಅಂಗಡಿಯ ಸ್ಟಿಕರ್. ಕೊನೆಗೆ ಕಾರಿಗೆ ಹೊಡೆಯುವ ಪಿಯು (ಪಾಲಿಯುರೆಥೇನ್) ಪೇಂಟ್. ಇದೇ ಪ್ರಶ್ನೆ ಇಟ್ಟುಕೊಂಡು ಕೂತಿರುವವರಿಗೆ ಉಪಯೋಗಕ್ಕೆ ಬರಲಿ ಅಂತ ಕಂಡದ್ದನ್ನೆಲ್ಲ ಬರೆಯುತ್ತಿದ್ದೇನೆ.

ಕ್ರಾಸ್‌ಬೋ ಎಂದರೆ ಬಂದೂಕಿನ ಹಿಡಿಯಂಥ ದಂಡದ ಮೇಲೆ ಅಡ್ಡ ಕೂರಿಸಿದ ಬಿಲ್ಲು. ಆ ಬಿಲ್ಲಿನ ಬಾಗುವ ಎರಡು ತೋಳುಗಳೇ ಲಿಂಬ್. ಈಗಿನ ಲಿಂಬುಗಳು ಹೆಚ್ಚಾಗಿ ಗಾಜಿನ ನಾರು ಮತ್ತು ರಾಳ ಸೇರಿಸಿ ಅಚ್ಚೊತ್ತಿದವು. ನಮ್ಮ ಬಾಯಲ್ಲಿ ಫೈಬರ್. ಕೆಲವು ದುಬಾರಿ ಮಾದರಿಯಲ್ಲಿ ಕಾರ್ಬನ್ ನಾರೂ ಇರುತ್ತದೆ. ಅಮೆರಿಕ, ಕೆನಡಾದಲ್ಲಿ ಜಿಂಕೆ ಬೇಟೆಗೆಂದು ಮಾಡುವ ಕ್ರಾಸ್‌ಬೋಗಳ ಎಳೆತ, ಅಂದರೆ ಹೆದೆ ಹಿಂದಕ್ಕೆ ಎಳೆಯಲು ಬೇಕಾದ ಬಲ, ಸಾಮಾನ್ಯವಾಗಿ 150ರಿಂದ 200 ಪೌಂಡ್ ಆಸುಪಾಸು ಇರುತ್ತದೆ. ಅಂದರೆ ಸುಮಾರು 68ರಿಂದ 90 ಕಿಲೋ. ಒಂದೂವರೆ ಮೂಟೆ ಅಕ್ಕಿಯ ಭಾರವನ್ನು ಆ ಎರಡು ಪಟ್ಟಿಗಳು ಹೊರುತ್ತವೆ. ಟ್ರಿಗರ್ ಒತ್ತಿದ ಕೂಡಲೇ ಕಣ್ಣು ಮಿಟುಕಿಸುವುದರೊಳಗೆ ನೆಟ್ಟಗಾಗುತ್ತವೆ.

ಹಾಗಾಗಿ ಲಿಂಬ್ ಅನ್ನುವುದು ಒಂದು ಸ್ಪ್ರಿಂಗ್. ಇದನ್ನು ನೆನಪಿಟ್ಟುಕೊಂಡರೆ ಮುಂದಿನ ಆಯ್ಕೆಯೆಲ್ಲ ಸುಲಭ. ಬಣ್ಣ ಲಿಂಬಿನ ಜೊತೆ ಬಾಗಬೇಕು. ತೆಳ್ಳಗಿರಬೇಕು. ಹಚ್ಚುವಾಗ ಲಿಂಬಿಗೆ ಬಿಸಿ ತಾಗಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ನಾಳೆ ಒಂದು ಬಿರುಕು ಬಂದರೆ ಅದು ನಮ್ಮ ಕಣ್ಣಿಗೆ ಬೀಳಬೇಕು. ಬಿರುಕು ಬಿಟ್ಟ ಲಿಂಬ್ ಎಳೆದಾಗ ಸಿಡಿದರೆ ಚೂರು ಹಾರುವುದು ಮುಖದ ಹತ್ತಿರವೇ. ಚಂದ ಆಮೇಲೆ.

ಮೊದಲು ನಿಮ್ಮ ಕ್ರಾಸ್‌ಬೋ ಯಾವ ಬಗೆ ನೋಡಿ

ಬಣ್ಣದ ಡಬ್ಬಿ ಕೊಳ್ಳುವ ಮುಂಚೆ ಇದೊಂದು ತೀರ್ಮಾನ ಆಗಬೇಕು. ನಿಮ್ಮದು ರಿಕರ್ವ್ ಮಾದರಿಯೋ, ಕಾಂಪೌಂಡ್ ಮಾದರಿಯೋ?

ರಿಕರ್ವ್ ಆದರೆ ತುದಿಯಲ್ಲಿ ಚಕ್ರ ಇರುವುದಿಲ್ಲ. ಹೆದೆ ನೇರವಾಗಿ ಲಿಂಬಿನ ತುದಿಗೆ ಸಿಕ್ಕಿಕೊಂಡಿರುತ್ತದೆ. ಕೆನಡಾದ ಎಕ್ಸ್‌ಕ್ಯಾಲಿಬರ್ ಕಂಪನಿ ಹೆಸರು ಮಾಡಿದ್ದು ಈ ಬಗೆಯಲ್ಲೇ. ಸ್ಟ್ರಿಂಗರ್ ಎಂಬ ಹೆದೆ ಏರಿಸಿ ಇಳಿಸುವ ಸಾಧನ ಬಳಸಿ ಹೆದೆ ಇಳಿಸಿದರೆ ಲಿಂಬ್ ಸಡಿಲ. ಕಂಪನಿಯ ಪುಸ್ತಕ ನೋಡಿಕೊಂಡು ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತದೆ. ಲಿಂಬ್ ಬಿಡಿಯಾಗಿ ಕೈಗೆ ಬಂತೆಂದರೆ ಮೇಲೆ ಹೇಳಿದ ಮೂರು ದಾರಿಯೂ ನಿಮಗೆ ತೆರೆದಿದೆ.

ಕಾಂಪೌಂಡ್ ಆದರೆ ಕಥೆ ಬೇರೆ. ತುದಿಯಲ್ಲಿ ಕ್ಯಾಮ್ ಎನ್ನುವ ಚಕ್ರ, ಅದಕ್ಕೆ ಕೇಬಲ್. ಸುಮ್ಮನೆ ಮೇಜಿನ ಮೇಲೆ ಇಟ್ಟಾಗಲೂ ಲಿಂಬ್ ಬಿಗಿಯಲ್ಲೇ ಇರುತ್ತದೆ. ಲಿಂಬನ್ನು ಒತ್ತಿ ಹಿಡಿಯುವ ಬೋ ಪ್ರೆಸ್ ಎಂಬ ಸಾಧನ ಇಲ್ಲದೆ ಬೋಲ್ಟ್ ಬಿಚ್ಚಲು ಹೋದರೆ ಕೈ ಬೆರಳು ಹೋಗಬಹುದು, ಕಣ್ಣು ಹೋಗಬಹುದು. ಪ್ರೆಸ್ ಇರುವವರು ಹತ್ತಿರದಲ್ಲಿ ಇಲ್ಲದಿದ್ದರೆ ಲಿಂಬ್ ಬಿಚ್ಚುವ ಆಸೆ ಬಿಟ್ಟುಬಿಡಿ. ಇದ್ದಲ್ಲೇ ಮಾಡುವ ಕೆಲಸವೆಂದರೆ ಸ್ಟಿಕರ್ ಒಂದೇ ಸರಿ. ಕ್ಯಾಮ್, ಕೇಬಲ್, ಹೆದೆಯನ್ನೆಲ್ಲ ಪೂರಾ ಮುಚ್ಚಿ ಸ್ಪ್ರೇ ಹೊಡೆಯುವವರೂ ಇದ್ದಾರೆ. ಆದರೆ ಕ್ಯಾಮ್‌ನ ಅಚ್ಚಿಗೆ ಪೇಂಟಿನ ದೂಳು ಹೋದರೆ ತೆಗೆಯುವುದು ಬಹಳ ಕಷ್ಟ. ನಾನಂತೂ ಬೇಡ ಎನ್ನುತ್ತೇನೆ.

ವಾರಂಟಿ ಇನ್ನೂ ಬಾಕಿ ಇದ್ದರೆ ಅದರ ಷರತ್ತನ್ನೂ ಓದಿ. ಬಣ್ಣ ಬದಲಿಸಿದ ಲಿಂಬಿಗೆ ವಾರಂಟಿ ಕೊಡದ ಕಂಪನಿಗಳಿವೆ. ಬಣ್ಣ ಬರೀ ಮಂಕಾಗಿದೆ, ಎದ್ದಿಲ್ಲ ಎನ್ನುವುದಾದರೆ ಒರೆಸಿ, ಒಣಗಿಸಿ, ತೆಳ್ಳಗೆ ಕಾರಿನ ವ್ಯಾಕ್ಸ್ ತಿಕ್ಕಿ ಬಿಟ್ಟುಬಿಡುವುದೂ ಒಳ್ಳೆಯ ಆಯ್ಕೆ. ಆದರೆ ಮುಂದೆ ಪೇಂಟ್ ಮಾಡುವ ಯೋಚನೆ ಇದ್ದರೆ ವ್ಯಾಕ್ಸ್ ಹಚ್ಚಬೇಡಿ. ಅದರ ಮೇಲೆ ಪೇಂಟ್ ಕೂರುವುದಿಲ್ಲ.

ಎಲೆ ಚಿತ್ರ ಯಾಕೆ ಬೇಡ

ಕ್ರಾಸ್‌ಬೋ ಅಂದ ಕೂಡಲೇ ಎಲ್ಲರಿಗೂ ಕ್ಯಾಮೊ ಬೇಕು. ಎಲೆ, ತೊಗಟೆ, ಒಣ ಕಡ್ಡಿಯ ಚಿತ್ರ. ರಿಯಲ್‌ಟ್ರೀ, ಮಾಸಿ ಓಕ್ ಎಂಬ ಎರಡು ದೊಡ್ಡ ಹೆಸರುಗಳು 1986ರಲ್ಲಿ ಅಮೆರಿಕದಲ್ಲಿ ಶುರುವಾದವು. ಅವರು ಬರೆದದ್ದು ಅಲ್ಲಿಯ ಓಕ್ ಕಾಡು, ಅಲ್ಲಿಯ ಎಲೆ ಉದುರುವ ಕಾಲ. ಅಲ್ಲಿಯ ಬೇಟೆಗಾರನಿಗೆ ಅದು ಬೇಕು. ನಮಗೆ ಯಾಕೆ?

ಇಲ್ಲಿ ಕಾಡುಪ್ರಾಣಿ ಬೇಟೆ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆಯುಧ ಎಂದರೆ ಏನು ಎಂದು ಹೇಳುವಾಗ ಬಿಲ್ಲು ಬಾಣವನ್ನೂ ಹೆಸರಿಸಿಯೇ ಸೇರಿಸುತ್ತದೆ. ಅನುಮತಿ ಇಲ್ಲದೆ ಆಯುಧ ಹಿಡಿದು ಅಭಯಾರಣ್ಯದೊಳಗೆ ಕಾಲಿಡುವುದೂ ತಪ್ಪು. ನಮ್ಮ ಸುತ್ತ ಎಷ್ಟು ಅಭಯಾರಣ್ಯ ಇದೆ ನೋಡಿ. ಶಿವಮೊಗ್ಗದ ಮಗ್ಗುಲಲ್ಲೇ ಶೆಟ್ಟಿಹಳ್ಳಿ, ಆ ಕಡೆ ಶರಾವತಿ ಕಣಿವೆ, ಈ ಕಡೆ ಭದ್ರಾ, ಆಗುಂಬೆ ಘಾಟಿ ಇಳಿದರೆ ಸೋಮೇಶ್ವರ. ಸಕ್ರೆಬೈಲಿನ ದಾರಿಯಲ್ಲಿ ಹೋಗುವಾಗ ಕಾರಿನ ಹಿಂದೆ ಎಲೆ ಬಣ್ಣದ ಕ್ರಾಸ್‌ಬೋ ಕಂಡರೆ ಫಾರೆಸ್ಟಿನವರು ನಿಲ್ಲಿಸಿ ಕೇಳಿಯೇ ಕೇಳುತ್ತಾರೆ. ಕೇಳಬೇಕು ಕೂಡ. ಕಾಡು ಕಾಯುವುದು ಅವರ ಕೆಲಸ ಅಲ್ವಾ?

ನನ್ನದು ಮನೆ ಅಂಗಳದಲ್ಲಿ ಗುರಿ ಹೊಡೆಯಲು ಮಾತ್ರ. ಹಿಂದೆ ಧರೆ, ಅಂದರೆ ಎತ್ತರದ ಮಣ್ಣಿನ ದಿಬ್ಬ, ಇದೆ. ಅದರ ಮುಂದೆ ದಪ್ಪ ಟಾರ್ಗೆಟ್, ಟಾರ್ಗೆಟ್ ಹಿಂದೆ ಬಾಣ ತಡೆಯುವ ಬಲೆ. ಇಷ್ಟಿಲ್ಲದೆ ಹೊಡೆಯುವುದೇ ಇಲ್ಲ. ಹೊಸದಾಗಿ ಕೊಳ್ಳುವವರು ಮೊದಲು ನಿಮ್ಮ ಠಾಣೆಯಲ್ಲಿ ವಿಚಾರಿಸಿಕೊಂಡು ಮುಂದುವರಿಯಿರಿ.

ಅಂಗಳದ ಕ್ರೀಡೆಗೆ ಅಡಗುವ ಬಣ್ಣ ಬೇಕಿಲ್ಲ. ಎದ್ದು ಕಾಣುವ ಬಣ್ಣ ಬೇಕು. ಕೇಸರಿ, ಹಳದಿ, ತಿಳಿ ನೀಲಿ, ಬಿಳಿ. ಬೇಲಿ ಆಚೆ ದಾರಿಯಲ್ಲಿ ಹೋಗುವವರಿಗೂ ಇಲ್ಲಿ ಆಟ ನಡೀತಿದೆ ಅಂತ ಗೊತ್ತಾಗುತ್ತದೆ. ತಿಳಿ ಬಣ್ಣದಲ್ಲಿ ಕೂದಲೆಳೆ ಬಿರುಕೂ ಕಪ್ಪು ಗೆರೆಯಾಗಿ ಕಾಣಿಸುತ್ತದೆ. ಎಲೆ ಚಿತ್ರದಲ್ಲಿ ಬಿರುಕು ಒಂದು ಕಡ್ಡಿಯ ಹಾಗೆ ಕಲೆತುಹೋಗುತ್ತದೆ. ಕಪ್ಪು ಬಣ್ಣಕ್ಕೆ ಇನ್ನೊಂದು ತೊಂದರೆ. ಮಾರ್ಚ್ ಬಿಸಿಲಲ್ಲಿ ಅದು ಬೇಗ ಕಾಯುತ್ತದೆ. ಮುಚ್ಚಿದ ಕಾರಿನಲ್ಲಿ ಬಿಟ್ಟರಂತೂ ಕೇಳುವುದೇ ಬೇಡ.

ಮ್ಯಾಟ್ ಬೇಕೋ, ಹೊಳಪು ಬೇಕೋ ಎಂದರೆ ನಾನು ಹೊಳಪಿನ ಕಡೆ. ಮ್ಯಾಟ್ ನೋಡಲು ಚಂದ, ಆದರೆ ಅದರ ಒರಟಿನಲ್ಲಿ ಬೂಷ್ಟು ಹಿಡಿದು ಕೂರುತ್ತದೆ. ಹೊಳಪಿನ ಮೇಲೆ ಒಮ್ಮೆ ಬಟ್ಟೆ ಆಡಿಸಿದರೆ ಸಾಕು.

ಸ್ಪ್ರೇ ಕ್ಯಾನ್

ಹಾರ್ಡ್‌ವೇರ್ ಅಂಗಡಿಯಲ್ಲಿ 400 ಮಿಲಿಲೀಟರ್ ಡಬ್ಬಿ ಸಿಗುತ್ತದೆ. ನಾನು ಕೊಟ್ಟಿದ್ದು ಡಬ್ಬಿಗೆ 300 ರೂಪಾಯಿ ಆಸುಪಾಸು. ಎರಡು ಲಿಂಬಿಗೆ ಒಂದು ಡಬ್ಬಿ ಬಣ್ಣ, ಅದರ ಮೇಲೆ ಹೊಡೆಯುವ ಬಣ್ಣವಿಲ್ಲದ ಕ್ಲಿಯರ್ ಒಂದು ಡಬ್ಬಿ ಸಾಕಾಗಿ ಮಿಕ್ಕಿತು. ಕಂಪ್ರೆಸರ್ ಬೇಡ, ಸ್ಪ್ರೇ ಗನ್ ಬೇಡ, ಯಾರನ್ನೂ ಕಾಯಬೇಕಿಲ್ಲ.

ಇದರಲ್ಲಿ ಬಣ್ಣವನ್ನು ಗಟ್ಟಿ ಮಾಡುವ ಹಾರ್ಡ್ನರ್ ಇರುವುದಿಲ್ಲ. ದ್ರಾವಕ ಆರಿಹೋದರೆ ಉಳಿದದ್ದೇ ಪದರ. ಹಾಗಾಗಿ ಪದರ ಮೆತ್ತಗೆ. ಉಗುರು ತಾಗಿದರೆ ಗೆರೆ. ತೆಳ್ಳಗೆ ಹೊಡೆದರೆ ಲಿಂಬಿನ ಜೊತೆ ಚೆನ್ನಾಗಿಯೇ ಬಾಗುತ್ತದೆ. ದಪ್ಪಗೆ ಹೊಡೆದರೆ ಒಣಗಿದ ಗದ್ದೆಯ ಹಾಗೆ ಸೀಳುತ್ತದೆ. ಸೀಳುವುದು ಬಣ್ಣ ಮಾತ್ರ. ಆದರೆ ನೋಡುವವರಿಗೆ ಲಿಂಬೇ ಸೀಳಿದೆಯೋ ಬಣ್ಣ ಸೀಳಿದೆಯೋ ತಿಳಿಯುವುದಿಲ್ಲ. ಪ್ರತಿ ಸಲ ಎಳೆಯುವಾಗ ಆ ಸಂಶಯ ಕಾಡುತ್ತದೆ.

ಮೊದಲ ಸಲ ನಾನು ಮಾಡಿದ ತಪ್ಪು ಕಾಲದ್ದು. ಆಷಾಢದಲ್ಲಿ ಮಳೆ ಒಂದು ಗಳಿಗೆ ಬಿಟ್ಟಿತ್ತು ಅಂತ ಜಗಲಿಯಲ್ಲಿ ನಿಂತು ಹೊಡೆದೆ. ಹತ್ತು ನಿಮಿಷದಲ್ಲಿ ಕೇಸರಿ ಬಣ್ಣದ ಮೇಲೆ ಹಾಲು ಚೆಲ್ಲಿದ ಹಾಗೆ ಬೆಳ್ಳಗೆ ಮಬ್ಬು. ದ್ರಾವಕ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯ ತೇವ ಅದರ ಮೇಲೆ ಕೂತು ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ಪೇಂಟರ್‌ಗಳು ಇದಕ್ಕೆ ಬ್ಲಶ್ ಅನ್ನುತ್ತಾರೆ. ಒಣ ದಿನ ನೋಡಿ ಮೇಲೊಂದು ತೆಳು ಕೋಟು ಹೊಡೆದರೆ ಕೆಲವೊಮ್ಮೆ ಹೋಗುತ್ತದೆ. ನನ್ನದು ಹೋಗಲಿಲ್ಲ. ಮತ್ತೆ ನೀರು ಹಾಕಿ ಉಜ್ಜುವ ವಾಟರ್ ಪೇಪರ್ ಹಿಡಿದೆ.

ಅಪ್ಪಯ್ಯ ಅದನ್ನು ನೋಡಿ, "ಗೇಟಿಗೆ ಹೊಡೆದ ಎನಾಮೆಲ್ ಅರ್ಧ ಡಬ್ಬಿ ಉಳಿದಿದೆಯಲ್ಲ ಮಾರಾಯ, ಅದನ್ನೇ ಬ್ರಷ್‌ನಲ್ಲಿ ಎಳಿ" ಎಂದರು. ಅದನ್ನೂ ಹಳೆಯ ಪಿವಿಸಿ ಪೈಪಿನ ತುಂಡಿನ ಮೇಲೆ ಎಳೆದು ನೋಡಿದೆ. ನಮ್ಮ ಹವೆಯಲ್ಲಿ ಎರಡು ದಿನ ಕಳೆದರೂ ಬೆರಳಚ್ಚು ಮೂಡುತ್ತಿತ್ತು. ಬ್ರಷ್‌ನಲ್ಲಿ ಪದರ ಒಂದೇ ಸಮ ಬರುವುದೂ ಇಲ್ಲ. ಎನಾಮೆಲ್ ವರ್ಷ ಕಳೆದ ಹಾಗೆ ಗಡಸಾಗಿ ಬಿರುಕು ಬಿಡುವ ಬಣ್ಣ. ಗೇಟಿಗೆ ಅದು ಸರಿ, ಲಿಂಬಿಗೆ ಬೇಡ.

ಅಲ್ಲಲ್ಲಿ ಗೀಚಿದ್ದನ್ನು ಮುಚ್ಚಲು, ಅಥವಾ ವರ್ಷಕ್ಕೊಮ್ಮೆ ಬಣ್ಣ ಬದಲಿಸುವ ಖುಷಿ ಇರುವವರಿಗೆ ಸ್ಪ್ರೇ ಕ್ಯಾನ್ ಒಳ್ಳೆಯದು. ಹತ್ತು ವರ್ಷ ಇರಲಿ ಎನ್ನುವವರು ಮುಂದಕ್ಕೆ ಓದಿ.

ರೇಡಿಯಂ ಅಂಗಡಿಯ ಸ್ಟಿಕರ್

ಇದನ್ನು ಮೊದಲು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಬೈಕಿನ ನಂಬರ್ ಪ್ಲೇಟಿಗೆ ಅಂಟಿಸುವುದು ಅಂತ ಭಾವಿಸಿದ್ದೆ. ಈಗ ಹೊಸಬರಿಗೆ ಮೊದಲು ಹೇಳುವುದೇ ಇದನ್ನು.

ಈ ಸ್ಟಿಕರ್ ಹಾಳೆ ವಿನೈಲ್ ಎಂಬ ಪ್ಲಾಸ್ಟಿಕ್‌ನದು. ಅದರಲ್ಲಿ ಎರಡು ಬಗೆ ಇದೆ. ಮಾಮೂಲಿ ಬಗೆಯನ್ನು ಬಿಸಿ ರೋಲರ್‌ಗಳ ನಡುವೆ ಒತ್ತಿ ಹಾಳೆ ಮಾಡಿರುತ್ತಾರೆ. ಅದಕ್ಕೆ ತನ್ನ ಹಳೆಯ ಅಳತೆಗೆ ಕುಗ್ಗುವ ಸ್ವಭಾವ. ಬಿಸಿಲು ಬಿದ್ದಂತೆ ಅಂಚು ಒಳಕ್ಕೆ ಸರಿಯುತ್ತದೆ, ಅಂಟು ಹೊರಗೆ ಉಳಿದು ದೂಳು ಹಿಡಿಯುತ್ತದೆ. ಇನ್ನೊಂದು ಕಾಸ್ಟ್ ವಿನೈಲ್. ದ್ರವವಾಗಿ ಹರಡಿ ಒಣಗಿಸಿದ್ದು. ತೆಳ್ಳಗಿರುತ್ತದೆ, 50 ಮೈಕ್ರಾನ್ ಆಸುಪಾಸು. ಕುಗ್ಗುವುದು ಕಡಿಮೆ, ಬಾಗಿದ ಕಡೆ ಬಾಗುತ್ತದೆ. ಅಂಗಡಿಯಲ್ಲಿ "ಕಾರ್ ರ‍್ಯಾಪ್ ಮಾಡುವ ಕಾಸ್ಟ್ ಶೀಟ್ ಕೊಡಿ" ಎಂದೇ ಕೇಳಿ. ಎರಡು ಲಿಂಬಿಗೆ ಬೇಕಾಗುವುದು ಒಂದು ಅಂಗೈ ಅಗಲದ ಪಟ್ಟಿ. ದೊಡ್ಡ ಕೆಲಸದಲ್ಲಿ ಮಿಕ್ಕಿದ ತುಂಡಿನಲ್ಲೇ ಆಗಿಹೋಗುತ್ತದೆ.

ಸ್ಟಿಕರ್‌ನ ದೊಡ್ಡ ಗುಣ ಅಂದರೆ ಬೇಕಾದಾಗ ಕಿತ್ತು ನೋಡಬಹುದು. ಮಳೆಗಾಲದ ಮುಂಚೆ ಒಮ್ಮೆ ಕೀಳಿ. ಅಡಿಯಲ್ಲಿ ತೇವ ಇದೆಯೇ, ಬಿರುಕು ಇದೆಯೇ ನೋಡಿ, ಮತ್ತೆ ಹೊಸದು ಅಂಟಿಸಿ. ಕೆಳಗಿನ ಕಂಪನಿ ಬಣ್ಣ ಹಾಗೇ ಉಳಿದಿರುತ್ತದೆ. ಅದೇ ಬಣ್ಣ ಸಡಿಲವಾಗಿದ್ದರೆ ಮಾತ್ರ ಕಷ್ಟ. ಕೀಳುವಾಗ ಬಣ್ಣವೂ ಕಿತ್ತು ಬರುತ್ತದೆ.

ಅಂಟಿಸುವುದರಲ್ಲಿ ಎರಡು ಗುಟ್ಟು. ಲಿಂಬಿನ ಪೂರ್ತಿ ಅಗಲಕ್ಕೆ ಅಂಟಿಸಬೇಡಿ. ಅಂಚಿಗೆ ಎರಡು ಮೂರು ಮಿಲಿಮೀಟರ್ ಬಿಡಿ. ಫೈಬರ್ ಲಿಂಬಿನಲ್ಲಿ ನಾರು ಏಳುವುದು, ಸೀಳುವುದು ಹೆಚ್ಚಾಗಿ ಅಂಚಿನಿಂದ. ಅಂಚು ಬರಿದಾಗಿದ್ದರೆ ಪ್ರತಿ ಸಲ ಕಣ್ಣಿಗೆ ಬೀಳುತ್ತದೆ. ಅಂಚು ಸುತ್ತಿಸಿ ಹಿಂದಕ್ಕೆ ಮಡಚಿದರೆ ನೋಡಲು ಪೇಂಟಿನ ಹಾಗೇ ಇರುತ್ತದೆ ನಿಜ. ಆದರೆ ಮಡಿಕೆಯೊಳಗೆ ಮಳೆಗಾಲದ ತೇವ ಸೇರುತ್ತದೆ, ಬಿರುಕೂ ಕಾಣುವುದಿಲ್ಲ.

ಎರಡನೆಯದು ಬ್ಲೇಡು. ರೇಡಿಯಂ ಅಂಗಡಿಯ ಹುಡುಗರ ಕೈ ಬಹಳ ಚುರುಕು. ಅಂಟಿಸಿದ ಮೇಲೆ ಸರ್ರನೆ ಬ್ಲೇಡ್ ಎಳೆದು ಹೆಚ್ಚುವರಿ ತೆಗೆಯುತ್ತಾರೆ. ಕಾರಿನ ತಗಡಿಗೆ ಅದು ಗೀರು ಅಷ್ಟೇ. ಲಿಂಬಿನ ಮೇಲೆ ಆ ಗೀರು ನಾರು ಕತ್ತರಿಸಿದರೆ ಬಿರುಕು ಶುರುವಾಗುವ ಜಾಗ ಅದೇ. ಆದ್ದರಿಂದ ಲಿಂಬಿನ ಆಕಾರವನ್ನು ಕಾಗದದಲ್ಲಿ ಎತ್ತಿಕೊಳ್ಳಿ. ಮೆಷಿನ್‌ನಲ್ಲಿ ಮೊದಲೇ ಕತ್ತರಿಸಿ ತನ್ನಿ, ಮನೆಯಲ್ಲಿ ಅಂಟಿಸಿ. ಗುಳ್ಳೆ ಬಿಡಿಸಲು ಕೂದಲು ಒಣಗಿಸುವ ಡ್ರೈಯರ್ ಸಾಕು. ಹೀಟ್ ಗನ್ ಬೇಡ.

ಕಾರಿನ ಪಿಯು ಪೇಂಟ್

ಬಾಳಿಕೆಯಲ್ಲಿ ಇದಕ್ಕೆ ಸಮ ಬೇರೆ ಇಲ್ಲ. ಬಣ್ಣ ಮತ್ತು ಹಾರ್ಡ್ನರ್ ಬೇರೆ ಬೇರೆ ಡಬ್ಬಿಯಲ್ಲಿ ಬರುತ್ತದೆ. ಹೊಡೆಯುವ ಮುಂಚೆ ಬೆರೆಸುತ್ತಾರೆ. ಎರಡೂ ಸೇರಿ ರಾಸಾಯನಿಕವಾಗಿ ಗಟ್ಟಿಯಾಗುತ್ತದೆ. ಹಾಗಾಗಿ ಪೆಟ್ರೋಲ್ ಹನಿ ಬಿದ್ದರೂ ಕರಗುವುದಿಲ್ಲ. ಮಳೆಗೂ ಬಿಸಿಲಿಗೂ ನಿಲ್ಲುತ್ತದೆ. ಕಾರಿನ ಪ್ಲಾಸ್ಟಿಕ್ ಬಂಪರಿಗೆ ಹೊಡೆಯುವಾಗ ಬಾಗಲಿ ಅಂತ ಫ್ಲೆಕ್ಸ್ ಎಂಬ ಇನ್ನೊಂದನ್ನು ಸೇರಿಸುತ್ತಾರೆ. ಲಿಂಬಿಗೂ ಅದು ಬೇಕು. ಅದಿಲ್ಲದೆಯೂ ತೆಳು ಪದರ ನಿಲ್ಲುತ್ತದೆ. ಇದ್ದರೆ ನಿಶ್ಚಿಂತೆ.

ಶಿವಮೊಗ್ಗದಲ್ಲಿ ಇದಕ್ಕೆ ಜನರಿಗೆ ಬರವಿಲ್ಲ. ಆಟೋ ಕಾಂಪ್ಲೆಕ್ಸ್ ಕಡೆ ಒಂದು ಸುತ್ತು ಹಾಕಿದರೆ ಕಾರು, ಬಸ್ಸು, ಟ್ರ್ಯಾಕ್ಟರ್ ಎಲ್ಲಕ್ಕೂ ಬಣ್ಣ ಹೊಡೆಯುವ ಕೈಗಳು ಸಿಗುತ್ತವೆ. ಅವರ ಕೈಚಳಕ ದೊಡ್ಡದು. ಆದರೆ ಅವರಿಗೆ ರೂಢಿ ಆಗಿರುವುದು ತಗಡು. ತಗಡಿಗೆ ಮಾಡುವ ಮೂರು ಕೆಲಸ ಲಿಂಬಿಗೆ ಮಾಡಿದರೆ ಲಿಂಬ್ ಹಾಳು. ಹಾಗಾಗಿ ಹೋದ ಕೂಡಲೇ ನಾನು ಹೇಳುವುದು ಇಷ್ಟು: "ಅಣ್ಣ, ಪುಟ್ಟಿ ಬೇಡ. ಥಿನ್ನರ್‌ನಲ್ಲಿ ನೆನೆಸೋದು ಬೇಡ. ಬಿಸಿ ಬೇಡ."

ಪುಟ್ಟಿ ಬೇಡ, ಏಕೆಂದರೆ ಅದು ಒಣಗಿದ ಮೇಲೆ ಬಾಗುವುದಿಲ್ಲ. ಗುಂಡಿ ತುಂಬಿ ನಯ ಮಾಡುವುದು ಅವರಿಗೆ ಹೆಮ್ಮೆಯ ಕೆಲಸ. ಲಿಂಬಿನಲ್ಲಿ ಗುಂಡಿ ಇದ್ದರೆ ಅದನ್ನು ತುಂಬಬಾರದು, ಯಾಕೆ ಬಂತು ಅಂತ ನೋಡಬೇಕು. ಥಿನ್ನರ್ ಬೇಡ, ಏಕೆಂದರೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್, ಅಸಿಟೋನ್‌ನಂಥವು ಪದರ ಪದರವಾಗಿ ಅಂಟಿಸಿದ ಲಿಂಬಿನ ಅಂಟಿಗೆ ಇಳಿಯಬಹುದು. ಒರೆಸಲು ಐಸೋಪ್ರೊಪೈಲ್ ಆಲ್ಕೋಹಾಲ್ ಸಾಕು. ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ. ಇನ್ನು ಬಿಸಿ. ಪೇಂಟ್ ಬೂತ್‌ನಲ್ಲಿ ಕಾರನ್ನು 60 ಡಿಗ್ರಿ ಆಸುಪಾಸಿನಲ್ಲಿ ಒಣಗಿಸುವುದು ವಾಡಿಕೆ. ಲಿಂಬಿಗೆ ಅದೂ ಬೇಡ. ನನ್ನ ಚಿಕ್ಕಪ್ಪನ ಮಗನ ಲಿಂಬನ್ನು ಒಂದು ಕಡೆ ಬೇಗ ಕೊಡಬೇಕು ಅಂತ ಹೀಟ್ ಲ್ಯಾಂಪ್ ಹತ್ತಿರ ಇಟ್ಟು ಒಣಗಿಸಿದ್ದರು. ಮೇಲೆ ಬಣ್ಣ ಕನ್ನಡಿಯ ಹಾಗಿತ್ತು. ಎರಡನೇ ವಾರ ಅಂಚಿನಲ್ಲಿ ಪದರ ಬಾಯಿ ಬಿಟ್ಟಿತು. ಆ ಲಿಂಬನ್ನು ಮತ್ತೆ ಬಳಸಲಿಲ್ಲ, ಯಾರಿಗೂ ಕೊಡಲೂ ಇಲ್ಲ. ಎರಡು ತುಂಡು ಮಾಡಿ ಎಸೆದೆವು.

ಪೌಡರ್ ಕೋಟಿಂಗ್ ಮಾಡಿಸಲೇ ಎಂದು ಕೇಳುವವರಿಗೂ ಉತ್ತರ ಇಲ್ಲೇ ಸಿಕ್ಕಿತು. ಗೇಟು, ಗ್ರಿಲ್ಲಿಗೆ ಪುಡಿ ಸಿಂಪಡಿಸಿ 180ರಿಂದ 200 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಲಿಂಬಿನ ರಾಳ ಆ ಬಿಸಿಗೆ ಮೆತ್ತಗಾಗಿಬಿಡುತ್ತದೆ. ಖಂಡಿತ ಬೇಡ.

ಹೈಡ್ರೋ ಡಿಪ್ಪಿಂಗ್ ಅಂದರೆ ಚಿತ್ರ ಇರುವ ಫಿಲ್ಮನ್ನು ನೀರಿನ ಮೇಲೆ ತೇಲಿಸಿ ವಸ್ತುವನ್ನು ಅದರೊಳಗೆ ಅದ್ದುವುದು. ಕಂಪನಿಯ ಕ್ಯಾಮೊ ಹೆಚ್ಚಾಗಿ ಇದೇ. ಇದಕ್ಕೂ ಕೆಳಗೆ ಬಣ್ಣ ಬೇಕು, ಮೇಲೆ ಕ್ಲಿಯರ್ ಬೇಕು. ಅಂದರೆ ಪೇಂಟಿನ ಎಲ್ಲ ಕೆಲಸವೂ ಇದ್ದೇ ಇದೆ, ನಡುವೆ ಒಂದು ಚಿತ್ರ ಜಾಸ್ತಿ. ಎಲೆ ಚಿತ್ರವೇ ಬೇಡ ಅಂದ ಮೇಲೆ ಇದಕ್ಕಾಗಿ ಬೆಂಗಳೂರಿಗೆ ಕಳಿಸುವುದು ನನಗೆ ದಂಡ ಅನಿಸುತ್ತದೆ.

ಪಿಯು ಪೇಂಟನ್ನು ಮನೆಯಲ್ಲೇ ಹೊಡೆಯುವ ಯೋಚನೆ ಬಂದರೆ ಒಂದು ಮಾತು. ಹಾರ್ಡ್ನರ್‌ನಲ್ಲಿ ಐಸೋಸಯನೇಟ್ ಇರುತ್ತದೆ. ಅದರ ಮಂಜು ಉಸಿರಿಗೆ ಸೇರಿದರೆ ಉಬ್ಬಸ ಹತ್ತಬಹುದು, ಒಮ್ಮೆ ಹತ್ತಿದರೆ ಬಿಡುವುದಿಲ್ಲ. ಬಟ್ಟೆ ಮಾಸ್ಕ್ ಯಾವ ಉಪಯೋಗಕ್ಕೂ ಇಲ್ಲ. ಹಾಗಾಗಿ ಇದನ್ನು ಸರಿಯಾದ ಮಾಸ್ಕ್, ಗಾಳಿ ಹೊರದೂಡುವ ಫ್ಯಾನ್ ಇರುವ ಪೇಂಟರ್‌ಗೇ ಬಿಡಿ. ಅವರೂ ಮುಖಕ್ಕೆ ಬರೀ ಟವೆಲ್ ಕಟ್ಟಿಕೊಂಡು ಹೊಡೆಯುತ್ತಿದ್ದರೆ ಒಂದು ಮಾತು ಹೇಳಿ. ಅವರ ಎದೆಯೂ ನಮ್ಮದರ ಹಾಗೇ ಅಲ್ವಾ?

ಹಚ್ಚುವ ಮುಂಚಿನ ಕೆಲಸ

ಬಿಡಿ ಲಿಂಬಿನ ಮೇಲೆ ಮೊದಲು ಹತ್ತಿ ಆಡಿಸಿ. ಒಂದು ಉಂಡೆ ಹತ್ತಿಯನ್ನು ಅಂಚಿನ ಉದ್ದಕ್ಕೂ ಮೆಲ್ಲಗೆ ಎಳೆಯಿರಿ. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಅಲ್ಲಿ ನಾರು ಎದ್ದಿದೆ. ಅಲ್ಲಿಗೆ ಪೇಂಟಿನ ಮಾತು ನಿಲ್ಲಿಸಿ ಕಂಪನಿಯನ್ನು ಕೇಳಿ.

ಬಲ ಯಾವುದು, ಎಡ ಯಾವುದು ಗುರುತು ಹಾಕಿ. ಎರಡೂ ಜೋಡಿಯಾಗಿ ಬಂದವು, ಅದೇ ಜಾಗಕ್ಕೆ ಹೋಗಬೇಕು. ಅಡಿಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಎರಡನ್ನೂ ತೂಗಿ ಬರೆದಿಡಿ. ಬಣ್ಣ ಆದ ಮೇಲೆ ಮತ್ತೆ ತೂಗಿದರೆ ಒಂದರ ಮೇಲೆ ಜಾಸ್ತಿ ಕೂತಿದೆಯೋ ತಿಳಿಯುತ್ತದೆ.

ಹಳೆಯ ಬಣ್ಣವನ್ನು ಪೂರ್ತಿ ತೆಗೆಯಬೇಕಿಲ್ಲ. ಎದ್ದದ್ದನ್ನು ತೆಗೆದು, ಉಳಿದದ್ದರ ಹೊಳಪು ಹೋಗುವಷ್ಟು 600 ನಂಬರಿನ ವಾಟರ್ ಪೇಪರ್‌ನಲ್ಲಿ ನೀರು ಹಾಕಿ ತಿಕ್ಕಿ. ನಾರು ಕಂಡಿತು ಎಂದರೆ ಮಿತಿ ಮೀರಿತು ಎಂದರ್ಥ. ಒಣ ತಿಕ್ಕುವುದು ಬೇಡ. ಫೈಬರ್ ದೂಳು ಮೈಗೆ ತುರಿಕೆ, ಉಸಿರಿಗೂ ಕೆಟ್ಟದ್ದು.

ಹೆದೆ ಕೂರುವ ತುದಿಯ ಕಚ್ಚು, ದಂಡಕ್ಕೆ ಕೂರುವ ಬುಡ, ಸೀರಿಯಲ್ ನಂಬರ್, ಎಚ್ಚರಿಕೆಯ ಚೀಟಿ ಇವಿಷ್ಟಕ್ಕೂ ಮಾಸ್ಕಿಂಗ್ ಟೇಪ್ ಹಾಕಿ. ಬುಡದಲ್ಲಿ ಪದರ ಏರುಪೇರಾದರೆ ಎರಡು ಲಿಂಬು ಒಂದೇ ಸಮ ಕೂರುವುದಿಲ್ಲ, ಗುರಿ ತಪ್ಪುತ್ತದೆ.

ಇನ್ನು ಕೈ. ಇದು ನಮ್ಮ ಸೀಮೆಗೇ ಸೇರಿದ ಮಾತು. ಬಣ್ಣಕ್ಕೆ ಸರಿಯಾದ ಕಾಲ ಡಿಸೆಂಬರ್‌ನಿಂದ ಮಾರ್ಚ್. ಮಂಗನ ಕಾಯಿಲೆಯ ಭಯ ಶುರುವಾಗುವುದೂ ಆಗಲೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ, ಉಣುಗು ಕಚ್ಚಿ ಹರಡುವ ಕಾಯಿಲೆ ಅದು. ತೋಟಕ್ಕೆ, ಸೊಪ್ಪಿನ ಬೆಟ್ಟಕ್ಕೆ ಹೋಗುವವರು ಉಣುಗು ಹತ್ತದಿರಲಿ ಅಂತ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳುತ್ತೇವೆ. ಹಚ್ಚಲೇಬೇಕು. ಒಂದು ದಿನ ತೋಟದಿಂದ ಬಂದವನು ಅದೇ ಕೈಯಲ್ಲಿ ತಿಕ್ಕಿಟ್ಟ ಲಿಂಬ್ ಎತ್ತಿದೆ. ಬಣ್ಣ ಹೊಡೆದಾಗ ನಾಲ್ಕು ಬೆರಳು ಮುಟ್ಟಿದ ಕಡೆ ನಾಲ್ಕು ಗುಂಪು ಸಣ್ಣ ಕುಳಿ. ಎಣ್ಣೆ ಇದ್ದಲ್ಲಿ ಪೇಂಟ್ ಹಿಂದೆ ಸರಿಯುತ್ತದೆ. ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯೂ ಅಷ್ಟೇ, ಹೆದೆಗೆ ತಿಕ್ಕುವ ವ್ಯಾಕ್ಸೂ ಅಷ್ಟೇ. ಸೋಪಿನಲ್ಲಿ ಕೈ ತೊಳೆದು, ಕೈಗವಸು ಹಾಕಿ, ಆಲ್ಕೋಹಾಲ್‌ನಲ್ಲಿ ಕೊನೆಯ ಸಲ ಒರೆಸಿ, ಆಮೇಲೆ ಮುಟ್ಟಬೇಡಿ.

ದಿನದ ಹೊತ್ತೂ ಮುಖ್ಯ. ಚಳಿಗಾಲದಲ್ಲಿ ಇಬ್ಬನಿ ಹತ್ತು ಗಂಟೆ ತನಕ ಇರುತ್ತದೆ, ಸಂಜೆ ಮತ್ತೆ ಇಳಿಯುತ್ತದೆ. ಹನ್ನೊಂದರಿಂದ ಮೂರರ ಒಳಗೆ ಹೊಡೆದು ಮುಗಿಸಿ. ಪಿಯು ಹಾರ್ಡ್ನರ್‌ಗೂ ತೇವ ಆಗದು. ನೀರಿನ ಜೊತೆ ಸೇರಿ ಗುಳ್ಳೆ ಏಳುತ್ತದೆ, ಹೊಳಪು ಹೋಗುತ್ತದೆ. ಅಡಿಕೆ ಬೇಯಿಸುವ ದಿನಗಳಾದರೆ ಒಲೆಯ ಹೊಗೆ ಬರುವ ದಿಕ್ಕಿನಲ್ಲಿ ನಿಲ್ಲಬೇಡಿ.

ಚಿತ್ತಾರ

ಬರೀ ಒಂದೇ ಬಣ್ಣ ಬೇಸರ ಎನ್ನುವವರಿಗೆ ನನ್ನ ಮನಸ್ಸಿಗೆ ಬಹಳ ಹತ್ತಿರವಾದ ಒಂದು ದಾರಿ ಇದೆ. ಸಾಗರ, ಸೊರಬದ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರ ನೋಡಿದ್ದೀರಲ್ಲ. ಮದುವೆ ಮನೆಯ ಕೆಮ್ಮಣ್ಣಿನ ಗೋಡೆ, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಎಳೆ, ಹುರಿದು ಕಪ್ಪಾಗಿಸಿದ ಅಕ್ಕಿಯ ಕರಿ ಬಣ್ಣ, ಪುಂಡಿ ನಾರಿನ ಕುಂಚ. ಎಲ್ಲವೂ ನೇರ ಗೆರೆ, ಚೌಕ, ತ್ರಿಕೋನ. ಲಿಂಬಿನಂಥ ಉದ್ದನೆಯ ಕಿರಿದಾದ ಪಟ್ಟಿಗೆ ಇದಕ್ಕಿಂತ ಹೊಂದುವ ಚಿತ್ರ ನಾನು ಕಂಡಿಲ್ಲ. ಓಕ್ ಎಲೆ ನಮ್ಮದಲ್ಲ, ಇದು ನಮ್ಮದು.

ಮಣ್ಣಿನ ಬಣ್ಣ, ಅಕ್ಕಿ ಹಿಟ್ಟು ಫೈಬರ್ ಮೇಲೆ ನಿಲ್ಲುವುದಿಲ್ಲ. ಗೋಡೆ ಹೀರಿಕೊಳ್ಳುತ್ತದೆ, ಫೈಬರ್ ಹೀರುವುದಿಲ್ಲ. ಅಡಿಕೆ ಚೊಗರು ಹಚ್ಚಲೇ ಎಂದು ಒಬ್ಬರು ಕೇಳಿದ್ದರು. ಬಟ್ಟೆಗೆ ಅದು ಸೊಗಸಾದ ಬಣ್ಣ, ಇಲ್ಲಿ ಒರೆಸಿದರೆ ಹೋಗುತ್ತದೆ. ಕೆಳಗೆ ಕೆಮ್ಮಣ್ಣಿನ ಬಣ್ಣದ ಪಿಯು ಕೋಟು. ಅದು ಪೂರ್ತಿ ಒಣಗಿದ ಮೇಲೆ ಲಘುವಾಗಿ ತಿಕ್ಕಿ, ಅಕ್ರಿಲಿಕ್ ಪೇಂಟ್ ಪೆನ್ನಿನಲ್ಲಿ ಬಿಳಿ ಎಳೆ. ಮೇಲೆ ಒಂದು ತೆಳು ಕ್ಲಿಯರ್. ಮಾಮೂಲಿ ಮಾರ್ಕರ್ ಬೇಡ, ಕ್ಲಿಯರ್ ಬಿದ್ದ ಕೂಡಲೇ ಗೆರೆ ಹರಡುತ್ತದೆ. ಪೈಪಿನ ತುಂಡಿನ ಮೇಲೆ ಒಮ್ಮೆ ಮಾಡಿ ನೋಡಿಯೇ ಲಿಂಬಿಗೆ ಕೈ ಹಾಕಿ. ಅಂಚಿನ ಮೂರು ಮಿಲಿಮೀಟರ್ ಇಲ್ಲೂ ಖಾಲಿ ಇರಲಿ. ಸಾಧ್ಯವಾದರೆ ಬಲ್ಲ ಹೆಣ್ಣುಮಗಳೊಬ್ಬರ ಕೈಯಲ್ಲೇ ಬರೆಸಿ, ಅವರು ಕೇಳಿದಷ್ಟು ಕೊಡಿ. ನನ್ನ ಲಿಂಬಿಗೆ ಬರೆದುಕೊಟ್ಟ ಅಕ್ಕ ಅಳತೆಪಟ್ಟಿ ಮುಟ್ಟಲಿಲ್ಲ. ಎರಡೂ ಲಿಂಬಿನ ಎಳೆ ಒಂದಕ್ಕೊಂದು ಕನ್ನಡಿ ಹಿಡಿದ ಹಾಗೆ ಬಂತು.

ಈಗ ಯಾರಾದರೂ ನನ್ನನ್ನು ಕೇಳಿದರೆ ನಾನು ಮೊದಲು ಕ್ರಾಸ್‌ಬೋ ಯಾವ ಮಾದರಿ ಎಂದು ಕೇಳುತ್ತೇನೆ. ಕಾಂಪೌಂಡ್ ಆದರೆ ಕಾಸ್ಟ್ ಸ್ಟಿಕರ್, ಬೇರೆ ಮಾತಿಲ್ಲ. ರಿಕರ್ವ್ ಆಗಿದ್ದು ಕಂಪನಿಯ ಬಣ್ಣ ಗಟ್ಟಿಯಿದ್ದರೆ ಆಗಲೂ ಮೊದಲ ವರ್ಷ ಸ್ಟಿಕರ್ ಹಾಕಿ ನೋಡಿ ಎನ್ನುತ್ತೇನೆ. ಬಣ್ಣ ಎದ್ದುಹೋಗಿದ್ದರೆ, ಮಾತು ಕೇಳುವ ಪೇಂಟರ್ ಸಿಕ್ಕಿದರೆ, ತಿಳಿ ಬಣ್ಣದ ತೆಳು ಪಿಯು. ಸ್ಪ್ರೇ ಕ್ಯಾನ್ ಒಂದು ಯಾವಾಗಲೂ ಮನೆಯಲ್ಲಿ ಇರಲಿ, ಸಣ್ಣ ಗೀರಿಗೆ.

ಪಿಯು ಮುಟ್ಟಿದರೆ ಕೆಲವು ಗಂಟೆಯಲ್ಲೇ ಒಣಗಿದ ಹಾಗೆ ಕಾಣುತ್ತದೆ. ಒಳಗೆ ಗಟ್ಟಿಯಾಗಲು ಒಂದು ವಾರ ಬೇಕು. ಆ ವಾರ ಹೆದೆ ಏರಿಸಬೇಡಿ. ನೆರಳಿನಲ್ಲಿ, ಗಾಳಿ ಆಡುವ ಕಡೆ ತೂಗುಹಾಕಿ. ಆಮೇಲೆ ಹೆದೆ ಏರಿಸಿ, ಎಳೆಯದೆ ಒಂದು ರಾತ್ರಿ ಬಿಡಿ. ಬೆಳಗ್ಗೆ ಬೆಳಕಿನಲ್ಲಿ ಎರಡೂ ಅಂಚು ನೋಡಿ. ಬಾಣ ಇಲ್ಲದೆ ಯಾವತ್ತೂ ಟ್ರಿಗರ್ ಒತ್ತಬೇಡಿ, ಲಿಂಬಿಗೆ ಅದಕ್ಕಿಂತ ದೊಡ್ಡ ಪೆಟ್ಟು ಇಲ್ಲ. ಐದು ಬಾಣ ಹೊಡೆದ ಮೇಲೆ ಮತ್ತೆ ಹತ್ತಿ ಉಂಡೆ ಹಿಡಿದು ಅಂಚಿನ ಉದ್ದಕ್ಕೂ ಒಮ್ಮೆ ಎಳೆಯಿರಿ. ಎಳೆ ಎಲ್ಲೂ ಸಿಕ್ಕದೆ ತುದಿ ತನಕ ಹೋದರೆ ಆರನೇ ಬಾಣ ಇಡಿ.